ಪುಸ್ತಕ ಕೊಡುವವರ ಕ್ಷೇಮ



ಪರೀಕ್ಷೆ ಹತ್ತಿರ ಬಂದಾಗ ನೀವು ಕಾಲೇಜಿನ ಗ್ರಂಥಾಲಯಕ್ಕೆ ಧಾವಿಸುತ್ತೀರಿ. ಕೌಂಟರಿನ ಮುಂದೆ ನಿಂತು ಕಾರ್ಡು ಚಾಚುತ್ತೀರಿ. ಪುಸ್ತಕ ಸಿಕ್ಕರೆ ಸಂತೋಷ, ಸಿಗದಿದ್ದರೆ ಗೊಣಗಾಟ. ಆದರೆ ಆ ಕೌಂಟರಿನ ಆಚೆ ನಿಂತವರ ಕೆಲಸ ಎಂಥದು, ಆ ಕೆಲಸದಿಂದ ಅವರ ದೇಹ ಮತ್ತು ಮನಸ್ಸುಗಳ ಮೇಲೆ ಆಗುವ ಪರಿಣಾಮವೇನು ಎಂದು ಎಂದಾದರೂ ಯೋಚಿಸಿದ್ದೀರಾ? ಇಂದಿನ ಮಾತಿನ ವಿಷಯ ಅದೇ. ನಾನು ಓದಿದ್ದು ವಿಜ್ಞಾನ, ಮಾಡುವುದು ದೂರದರ್ಶನದ ಕಾರ್ಯಕ್ರಮ. ಹಾಗಾಗಿ ಇದನ್ನು ಕನಿಕರದ ಮಾತಾಗಿ ಹೇಳದೆ, ಕಾರಣ ಮತ್ತು ಪರಿಣಾಮಗಳ ದಾರಿಯಲ್ಲಿ ನೋಡೋಣ. ಗ್ರಂಥಪಾಲಕರ ಕ್ಷೇಮಕ್ಕೂ ನಿಮ್ಮ ಕೈಗೆ ಪುಸ್ತಕ ಬರುವುದಕ್ಕೂ ನೇರ ಸಂಬಂಧವಿದೆ ಎಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು, ಬಸ್ಸು ಹತ್ತಿ ಸಿಂದಗಿಯ ಕಾಲೇಜಿಗೆ ಬರುತ್ತಾಳೆ. ತರಗತಿ ಮುಗಿಯುವುದಕ್ಕೂ ಊರಿನ ಬಸ್ಸು ಹೊರಡುವುದಕ್ಕೂ ನಡುವೆ ಅವಳಿಗೆ ಸಿಗುವುದು ಸ್ವಲ್ಪವೇ ಹೊತ್ತು. ದುಬಾರಿ ಪುಸ್ತಕ ಕೊಳ್ಳುವ ಶಕ್ತಿ ಮನೆಗಿಲ್ಲ. ಅವಳ ಓದೆಲ್ಲ ನಿಂತಿರುವುದು ಆ ಅರ್ಧ ಗಂಟೆಯಲ್ಲಿ ಗ್ರಂಥಾಲಯದ ಬಾಗಿಲು ತೆರೆದಿದೆಯೇ, ಒಳಗಿರುವವರಿಗೆ ಪುಸ್ತಕ ಹುಡುಕಿಕೊಡುವ ತ್ರಾಣ ಉಳಿದಿದೆಯೇ ಎಂಬುದರ ಮೇಲೆ.

ಈ ಸೀಮೆಗೆ ಗ್ರಂಥಾಲಯ ಹೊಸದಲ್ಲ. 16ನೇ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿ ಅರಮನೆಯಲ್ಲಿ ದೊಡ್ಡ ಪುಸ್ತಕ ಭಂಡಾರವಿತ್ತು. ಲಿಪಿಕಾರರು, ಚಿನ್ನದ ರೇಖೆ ಎಳೆಯುವವರು, ರಟ್ಟು ಕಟ್ಟುವವರು, ಚಿತ್ರ ಬರೆಯುವವರು ಸೇರಿ ಸುಮಾರು ಅರವತ್ತು ಜನ ಅಲ್ಲಿ ದುಡಿಯುತ್ತಿದ್ದರೆಂದು ಆ ಕಾಲದ ಇತಿಹಾಸಕಾರ ರಫೀಉದ್ದೀನ್ ಶಿರಾಜಿ ಬರೆದಿದ್ದಾನೆ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಮುಂದೆ ಅಸಾರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಪುಸ್ತಕವನ್ನು ಕಾಯುವ ಜನ ಚದುರಿದರೆ ಪುಸ್ತಕವೂ ಚದುರುತ್ತದೆ.

ಅರಮನೆಯ ಭಂಡಾರಕ್ಕೆ ಅರವತ್ತು ಜನ. ಇಂದಿನ ಎಷ್ಟೋ ಕಾಲೇಜುಗಳಲ್ಲಿ ಸಾವಿರಾರು ಪುಸ್ತಕಗಳಿಗೆ, ನೂರಾರು ವಿದ್ಯಾರ್ಥಿಗಳಿಗೆ ಒಬ್ಬ ಗ್ರಂಥಪಾಲಕ, ಹೆಚ್ಚೆಂದರೆ ಜೊತೆಗೊಬ್ಬ ಅಟೆಂಡರ್. ಪುಸ್ತಕ ತರಿಸುವುದು, ಅಕ್ಸೆಷನ್ ರಿಜಿಸ್ಟರಿನಲ್ಲಿ ಬರೆಯುವುದು, ವರ್ಗೀಕರಿಸುವುದು, ಚೀಟಿ ಅಂಟಿಸುವುದು, ಕೊಡುವುದು, ವಾಪಸ್ ಪಡೆಯುವುದು, ಹರಿದದ್ದನ್ನು ಕಟ್ಟಿಸುವುದು ಎಲ್ಲವೂ ಅವರದೇ. ಇದರ ಮೇಲೆ ಪ್ರವೇಶದ ಕೆಲಸ, ಪರೀಕ್ಷೆಯ ಕೆಲಸ, ನ್ಯಾಕ್ ಸಮಿತಿ ಬರುವಾಗ ಕಡತದ ಕೆಲಸ. ಇಷ್ಟಾದರೂ ಹೊರಗಿನವರ ಮಾತು ಒಂದೇ: “ಲೈಬ್ರರಿಯನ್ನರಿಗೇನು, ಕುರ್ಚಿಯ ಮೇಲೆ ಕೂತು ಪೇಪರ್ ಓದುವ ಕೆಲಸ!”

ಪಿತಾಮಹರಿಗೂ ತಪ್ಪದ ಬೇಸರ

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಹೆಸರನ್ನು ನೀವು ಕೇಳಿರಬಹುದು. 1892ರಲ್ಲಿ ಹುಟ್ಟಿದ ಅವರು ಮೊದಲು ಗಣಿತದ ಅಧ್ಯಾಪಕರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಅಲ್ಲಿಯ ಒಂಟಿತನ ಅವರಿಗೆ ಸಹಿಸಲಾಗಲಿಲ್ಲ. ತರಗತಿಯಲ್ಲಿ ಹುಡುಗರ ಮುಖ ನೋಡಿ ಪಾಠ ಹೇಳುತ್ತಿದ್ದವರಿಗೆ ನಿಶ್ಶಬ್ದ ಕೋಣೆ ಸೆರೆಮನೆಯಂತಾಯಿತು. ಹಳೆಯ ಕೆಲಸವನ್ನೇ ಮರಳಿ ಕೊಡಿರೆಂದು ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ಶಾಸ್ತ್ರ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಒಪ್ಪಂದವಾಯಿತು. ಅವರು ಹೋದರು. ಅಲ್ಲಿಯ ಗ್ರಂಥಾಲಯಗಳು ಊರ ಜನಕ್ಕೆ ಹೇಗೆ ಉಪಯೋಗವಾಗುತ್ತಿವೆ ಎಂಬುದನ್ನು ಕಣ್ಣಾರೆ ಕಂಡರು. ಬಂದವರು ಮತ್ತೆ ಆ ಕುರ್ಚಿ ಬಿಡುವ ಮಾತಾಡಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕೋಣೆ ಅದೇ, ಕೆಲಸವೂ ಅದೇ. ಬದಲಾದದ್ದು ಎರಡು: ಕೆಲಸದ ಅರ್ಥ ತಿಳಿಯಿತು, ಅದನ್ನು ತಮ್ಮ ಬುದ್ಧಿಯಂತೆ ನಡೆಸುವ ಅವಕಾಶ ಸಿಕ್ಕಿತು. ಪುಸ್ತಕಗಳನ್ನು ಓದುಗರು ತಾವೇ ಮುಟ್ಟಿ ನೋಡುವಂತೆ ಅವರು ಕಪಾಟುಗಳನ್ನು ತೆರೆದಿಟ್ಟರು. 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗಾಗಿ. ಪ್ರತಿ ಓದುಗನಿಗೂ ಅವನ ಪುಸ್ತಕ. ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನ ಸಮಯ ಉಳಿಸು. ಗ್ರಂಥಾಲಯ ಬೆಳೆಯುವ ಜೀವಿ. ಇವೇ ಆ ಸೂತ್ರಗಳ ಸಾರ. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪದ್ಧತಿ ಹೊರಬಂತು.

ಕಥೆಯ ಇನ್ನೊಂದು ಮುಖವೂ ಇದೆ. ಸುಮಾರು ಇಪ್ಪತ್ತು ವರ್ಷ ಅವರು ರಜೆಯೆಂಬುದನ್ನೇ ಕಾಣದೆ ದುಡಿದರು. ಕೊನೆಗೆ ಹೊಸ ಕುಲಪತಿಗಳೊಂದಿಗೆ ಹೊಂದಾಣಿಕೆಯಾಗದೆ, ನಿವೃತ್ತಿಯವರೆಗೆ ಇರಬೇಕೆಂದಿದ್ದ ಹುದ್ದೆಗೆ ರಾಜೀನಾಮೆ ಕೊಟ್ಟರು. ಆಗ ಅವರ ಮನಸ್ಸು ಬಹಳ ಕುಗ್ಗಿತ್ತು. 1945ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿ ಲಕ್ಷದಷ್ಟು ಪುಸ್ತಕಗಳನ್ನು ತಾವೇ ವರ್ಗೀಕರಿಸುತ್ತ ಚೇತರಿಸಿಕೊಂಡರು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಇಲ್ಲೇ ತೀರಿಕೊಂಡರು.

ಇದೇ ಬಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು (1880–1964) ಮನೆಮನೆ ಅಲೆದು ವಚನಗಳ ತಾಡೋಲೆ ಕೂಡಿಸಿದರು, 1925ರಲ್ಲಿ ತಾವೇ ಮುದ್ರಣಾಲಯ ತೆರೆದು ಅಚ್ಚು ಹಾಕಿಸಿದರು. ಇಂಥವರಿಗೆ ನಾವು ಕೈಮುಗಿಯುತ್ತೇವೆ, ಮುಗಿಯಲೇಬೇಕು. ಆದರೆ ಒಬ್ಬರ ತ್ಯಾಗ ಆದರ್ಶವಾಗಬಹುದೇ ಹೊರತು ಸಂಸ್ಥೆಯ ಏರ್ಪಾಡಾಗಲಾರದು. ತ್ಯಾಗದ ಮೇಲೆ ನಡೆಯುವ ಗ್ರಂಥಾಲಯ ಆ ವ್ಯಕ್ತಿ ಸೋತ ದಿನ ನಿಲ್ಲುತ್ತದೆ.

ದೂಳು ಮತ್ತು ದೇಹ

ಈಗ ದೇಹದ ವಿಷಯ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಬೆಳಕು ಮತ್ತು ಗಾಳಿಯಲ್ಲಿನ ಆಮ್ಲಜನಕ ತಗುಲಿ ಅದು ಹಳದಿಯಾಗುತ್ತದೆ. ಕಾಗದದಲ್ಲಿರುವ ಆಮ್ಲ ಅದರ ನಾರನ್ನು ತುಂಡರಿಸುತ್ತದೆ. ಹಾಳೆ ಪುಡಿಯಾಗುತ್ತದೆ. ಆ ಪುಡಿಗೆ ವಿಜಯಪುರ ಜಿಲ್ಲೆಯ ಎರೆಮಣ್ಣಿನ ದೂಳು ಸೇರಿದರೆ ಕೇಳಬೇಕೇ? ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ, ಗಾಳಿಯಾಡದ ಕೋಣೆಯಲ್ಲಿ, ಈ ಸಣ್ಣ ಕಣಗಳು ಉಸಿರಿನೊಂದಿಗೆ ಒಳಗೆ ಇಳಿಯುತ್ತವೆ. ಮಳೆಗಾಲದಲ್ಲಿ ಸೋರುವ ಗೋಡೆಯ ಪಕ್ಕದ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಸೀನು, ಕಣ್ಣುರಿ, ಉಬ್ಬಸ ಇವೆಲ್ಲ ಇಲ್ಲಿಂದ ಬರಬಹುದು.

ಹುಳುವಿಗೆಂದು ಇಡುವ ನುಸಿಗುಳಿಗೆಯೂ ನಿರುಪದ್ರವಿಯಲ್ಲ. ಅದರಲ್ಲಿ ಹೆಚ್ಚಾಗಿ ಇರುವುದು ನ್ಯಾಫ್ತಲೀನ್. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಹೆಚ್ಚಾದರೆ ತಲೆನೋವು, ಹೊಟ್ಟೆ ತೊಳಸು ಬರುತ್ತದೆ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ರಕ್ತದ ಕೆಂಪುಕಣಗಳನ್ನೇ ಒಡೆಯಬಲ್ಲದು. ಇನ್ನು ಭಾರ: ಒಂದು ಪುಸ್ತಕ ಅರ್ಧ ಕಿಲೋ ಎಂದಿಟ್ಟುಕೊಳ್ಳಿ. ದಿನಕ್ಕೆ ಇನ್ನೂರು ಪುಸ್ತಕ ಇಳಿಸಿ ಮತ್ತೆ ಏರಿಸಿದರೆ ಎರಡು ಕ್ವಿಂಟಲ್ ಎತ್ತಿದಂತಾಯಿತು. ಅದೂ ಬಗ್ಗುತ್ತ, ಏಣಿ ಹತ್ತುತ್ತ. ಕುರ್ಚಿಯ ಮೇಲೆ ಕೂತು ಪೇಪರ್ ಓದುವ ಕೆಲಸವೇ ಇದು?

ಪರಿಹಾರ ಕಷ್ಟದ್ದಲ್ಲ. ಎದುರುಬದುರು ಕಿಟಕಿ, ಒಣಬಟ್ಟೆಗೆ ಬದಲು ವ್ಯಾಕ್ಯೂಮ್ ಕ್ಲೀನರ್, ಮೂಗಿಗೆ ಮಾಸ್ಕ್, ಗಟ್ಟಿ ಏಣಿ, ಗಾಲಿ ಇರುವ ಪುಸ್ತಕದ ಗಾಡಿ, ಭಾರದ ಪುಸ್ತಕಗಳಿಗೆ ಸೊಂಟದ ಎತ್ತರದ ಕಪಾಟು.

ಮನಸ್ಸು ಸೋಲುವುದು ಹೇಗೆ?

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ‘ಬರ್ನೌಟ್’ ಎಂಬುದನ್ನು ಸೇರಿಸಿತು. ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಒಂದು ಸ್ಥಿತಿಯೆಂದು. ಸರಿಪಡಿಸದೆ ಬಿಟ್ಟ ಕೆಲಸದ ಒತ್ತಡವೇ ಅದಕ್ಕೆ ಕಾರಣ. ಲಕ್ಷಣ ಮೂರು: ತ್ರಾಣ ಬತ್ತುವುದು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ.

ಕೆಲಸ ಹೆಚ್ಚಾದರೆ ಸಾಕೇ, ಇದು ಬರುತ್ತದೆಯೇ? ಇಲ್ಲ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಮಾಜವಿಜ್ಞಾನಿ ಒಂದು ಸರಳ ಮಾದರಿ ಕೊಟ್ಟರು. ಹೊರೆ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಕಡಿಮೆ ಇದ್ದಾಗ ಒತ್ತಡ ಅತಿ ಹೆಚ್ಚು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ನಡೆಸಿದ ವೈಟ್‌ಹಾಲ್ ಅಧ್ಯಯನದಲ್ಲೂ ಕೆಲಸದ ಮೇಲೆ ಹಿಡಿತವಿಲ್ಲದವರಿಗೆ ಹೃದ್ರೋಗ ಹೆಚ್ಚೆಂದು ಕಂಡುಬಂತು. ರಂಗನಾಥನ್ ಅವರ ಜೀವನವನ್ನು ಈಗ ಮತ್ತೆ ನೋಡಿ. ಹಿಡಿತವಿದ್ದಷ್ಟು ಕಾಲ ಹೊರೆ ಅವರನ್ನು ಕುಗ್ಗಿಸಲಿಲ್ಲ. ಹಿಡಿತ ತಪ್ಪಿದಾಗ ಕುಗ್ಗಿದರು.

ಬೀಗದ ಹಿಂದಿನ ಭಯ

ಗ್ರಂಥಪಾಲಕರ ಕೈಕಟ್ಟುವ ದೊಡ್ಡ ಸಂಗತಿ ಕಳೆದ ಪುಸ್ತಕದ ಭಯ. ಸ್ಟಾಕ್ ವೆರಿಫಿಕೇಷನ್ನಿನಲ್ಲಿ ಪುಸ್ತಕ ಕಡಿಮೆ ಬಂದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಅಂಜಿಕೆ ಇದ್ದರೆ ಯಾರಾದರೂ ಏನು ಮಾಡುತ್ತಾರೆ? ಕಪಾಟಿಗೆ ಬೀಗ ಹಾಕುತ್ತಾರೆ. ಒಳ್ಳೆಯ ಪುಸ್ತಕ ಒಳಗೇ ಉಳಿಯುತ್ತದೆ. ಪುಸ್ತಕ ಬಳಕೆಗಾಗಿ ಎಂಬ ಮೊದಲ ಸೂತ್ರವೇ ಮುರಿಯುತ್ತದೆ. ಕನ್ನೊಳ್ಳಿಯ ಹುಡುಗಿ ಬರಿಗೈಯಲ್ಲಿ ಬಸ್ಸು ಹತ್ತುತ್ತಾಳೆ.

ಈ ಭಯಕ್ಕೆ ಮದ್ದು ಕಾಗದದ ಮೇಲೆ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮ ಹೀಗೆ ಹೇಳುತ್ತದೆ: ವರ್ಷದಲ್ಲಿ ಕೊಟ್ಟ ಅಥವಾ ನೋಡಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜವಾದ ನಷ್ಟ. ಆದರೆ ಅದಕ್ಕೆ ಅಪ್ರಾಮಾಣಿಕತೆ, ನಿರ್ಲಕ್ಷ್ಯ ಕಾರಣವಾಗಿರಬಾರದು. ಸಾವಿರ ರೂಪಾಯಿಗೆ ಮೀರಿದ ಬೆಲೆಯ ಅಥವಾ ಅಪರೂಪದ ಪುಸ್ತಕವಾದರೆ ವಿಚಾರಣೆ ಆಗಬೇಕು. ಇದು ಕೇಂದ್ರದ ನಿಯಮವಾದರೂ ಕಾಲೇಜುಗಳ ಆಡಳಿತ ಮಂಡಳಿಗಳು ಇದನ್ನೇ ಮಾದರಿಯಾಗಿ ಹಿಡಿದು ಲಿಖಿತ ನಿಯಮ ಮಾಡಬಹುದು. ಬಳಸಿದ ಪುಸ್ತಕ ಸವೆಯುತ್ತದೆ, ಕೆಲವು ಕಳೆಯುತ್ತವೆ. ಅದನ್ನು ಒಪ್ಪದ ಗ್ರಂಥಾಲಯ ಗೋದಾಮಾಗುತ್ತದೆ.

ಈಗ ಪರದೆಯ ಗ್ರಂಥಾಲಯವೂ ಬಂದಿದೆ. 1991ರಲ್ಲಿ ಆರಂಭವಾದ ಇನ್‌ಫ್ಲಿಬ್‌ನೆಟ್ 2010ರಿಂದ ಎನ್-ಲಿಸ್ಟ್ ಮೂಲಕ ಕಾಲೇಜುಗಳಿಗೆ ವಿದ್ಯುನ್ಮಾನ ಪುಸ್ತಕ, ಪತ್ರಿಕೆಗಳನ್ನು ಒದಗಿಸುತ್ತ ಬಂದಿದೆ. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳನ್ನು ತೆರೆದಿದೆ. ಊರಿನಲ್ಲಿ ಕೂತು ಮೊಬೈಲಿನಲ್ಲಿ ಓದುವ ಕಾಲ ಇದು. ಆದರೆ ನಿಮ್ಮ ಹೆಸರು ನೋಂದಾಯಿಸಿ, ಹುಡುಕುವುದನ್ನು ಕಲಿಸಬೇಕಾದವರು ಮತ್ತೆ ಅದೇ ಗ್ರಂಥಪಾಲಕರು. ಹೊಸ ಕೆಲಸ ಬಂತು, ಹಳೆಯದು ಹೋಗಲಿಲ್ಲ. ಆದ್ದರಿಂದ ತರಬೇತಿಗೆ ಸಮಯ, ಕೈಗೊಬ್ಬ ಸಹಾಯಕ, ಸಮಿತಿಯಲ್ಲಿ ಮಾತನಾಡುವ ಸ್ಥಾನ ಇವು ಮೂರು ಅವರಿಗೆ ಸಲ್ಲಬೇಕು. ಯು.ಜಿ.ಸಿ.ಯ 2018ರ ನಿಯಮಾವಳಿ ಗ್ರಂಥಪಾಲಕರನ್ನು ಶೈಕ್ಷಣಿಕ ಸಿಬ್ಬಂದಿಯ ಸಾಲಿನಲ್ಲೇ ಇಟ್ಟು, ಸ್ನಾತಕೋತ್ತರ ಪದವಿಯಲ್ಲಿ 55 ಶೇಕಡಾ ಅಂಕ ಕೇಳುತ್ತದೆ. ಯೋಗ್ಯತೆ ಅಷ್ಟು ಕೇಳಿದ ಮೇಲೆ ಗೌರವವೂ ಅಷ್ಟೇ ಇರಬೇಕಲ್ಲವೇ?

ನೀವು ಮಾಡಬಹುದಾದದ್ದು

ಪುಸ್ತಕವನ್ನು ಹೇಳಿದ ದಿನಕ್ಕೆ ಮರಳಿಸಿ. ನಿಮ್ಮ ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಹಾಳೆ ಹರಿಯಬೇಡಿ, ಗೆರೆ ಎಳೆಯಬೇಡಿ. ಕಪಾಟಿನಿಂದ ತೆಗೆದ ಪುಸ್ತಕವನ್ನು ಎಲ್ಲೋ ತುರುಕದೆ ಮೇಜಿನ ಮೇಲೆ ಬಿಡಿ. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದ ಪುಸ್ತಕಕ್ಕೆ ಸಮ. ಬೇಕಾದ ಪುಸ್ತಕದ ಹೆಸರು, ಲೇಖಕರ ಹೆಸರು ಬರೆದುಕೊಂಡು ಹೋಗಿ. ಬಸ್ಸಿನ ವೇಳೆಗೆ ತಕ್ಕಂತೆ ಗ್ರಂಥಾಲಯದ ಸಮಯ ಬೇಕಿದ್ದರೆ ಹತ್ತು ಜನ ಸೇರಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಅದರಲ್ಲಿ ಇನ್ನೊಬ್ಬ ಸಿಬ್ಬಂದಿ ಬೇಕೆಂದೂ ಸೇರಿಸಿ. ಇಲ್ಲವಾದರೆ ನಿಮ್ಮ ಬೇಡಿಕೆ ಅದೇ ಒಬ್ಬರ ಹೆಗಲಿಗೆ ಮತ್ತೊಂದು ಹೊರೆಯಾಗುತ್ತದೆ.

ಅಟೆಂಡರ್ ಕಾಕಾ ಏಣಿಯ ಮೇಲಿದ್ದಾಗ ಏಣಿ ಹಿಡಿಯಿರಿ. ಪುಸ್ತಕ ಪಡೆದಾಗ “ಉಪಯೋಗವಾಯಿತು ಮೇಡಮ್”, “ಉಪಯೋಗವಾಯಿತು ಸರ್” ಎಂದು ಒಂದು ಮಾತು ಹೇಳಿ. ತನ್ನಿಂದ ಏನೂ ಆಗುತ್ತಿಲ್ಲ ಎಂದು ಕುಗ್ಗಿದ ಮನಸ್ಸಿಗೆ ಆ ಮಾತು ಔಷಧಿಗಿಂತ ಕಡಿಮೆಯಲ್ಲ. ಆಗಸ್ಟ್ 12 ರಂಗನಾಥನ್ ಅವರ ಜನ್ಮದಿನ; ದೇಶದಲ್ಲಿ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ. ಆ ದಿನ ಹಾರ ಹಾಕುವುದರ ಜೊತೆಗೆ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಎಷ್ಟು ಕಿಟಕಿ ತೆರೆಯುತ್ತವೆ, ಎಷ್ಟು ಕಪಾಟಿಗೆ ಬೀಗವಿದೆ, ಎಷ್ಟು ಜನ ದುಡಿಯುತ್ತಿದ್ದಾರೆ ಎಂದು ಎಣಿಸಿ ಬರೆದು ಪ್ರಾಂಶುಪಾಲರಿಗೆ ಕೊಡಿ. ವಿಜ್ಞಾನದ ಮೊದಲ ಪಾಠವೇ ಎಣಿಕೆ ತಾನೇ?