ಹುಳುಕು ಹಲ್ಲು ಮತ್ತು ಕಟ್ಟಿದ ಮೂಗು



ನಮ್ಮ ಬಾಯಿಯಲ್ಲೇ ಮನೆ ಮಾಡಿಕೊಂಡಿರುವ ಒಂದು ಸೂಕ್ಷ್ಮಾಣುವಿನ ವಿಷಯವನ್ನು ಇಂದು ತಮಗೆ ತಿಳಿಸುತ್ತೇನೆ. ಅದರ ಹೆಸರು ಸ್ಟ್ರೆಪ್ಟೊಕಾಕಸ್ ಇಂಟರ್ಮೀಡಿಯಸ್. ಹೆಸರು ಮರೆತರೂ ಚಿಂತೆಯಿಲ್ಲ, ಅದು ಮಾಡುವ ಕೆಲಸ ನೆನಪಿರಲಿ. ಹಲ್ಲಿಗೆ ಅಂಟಿದ ಕೊಳೆಯಲ್ಲಿ, ವಸಡಿನ ಸಂದಿಯಲ್ಲಿ ಇದು ವಾಸಿಸುತ್ತದೆ. ಆರೋಗ್ಯವಂತರ ಬಾಯಿಯಲ್ಲೂ ಇರುತ್ತದೆ, ಸುಮ್ಮನೇ ಇರುತ್ತದೆ. ಒಳಗೆ ನುಗ್ಗಲು ದಾರಿ ಸಿಕ್ಕಿತೆಂದರೆ ಮಾತ್ರ ಸುತ್ತಲಿನ ಮಾಂಸವನ್ನು ಕರಗಿಸಿ ಕೀವು ಕಟ್ಟಿಸುತ್ತದೆ.

ದಾರಿ ಎಲ್ಲಿದೆ? ನಿಮ್ಮ ಕೆನ್ನೆಯ ಮೇಲೆ ಬೆರಳಿಟ್ಟು ನೋಡಿ. ಆ ಮೂಳೆಯೊಳಗೆ ಗಾಳಿ ತುಂಬಿದ ಒಂದು ಗೂಡಿದೆ, ಇದೇ ಸೈನಸ್. ಅದರ ನೆಲಕ್ಕೂ ಮೇಲಿನ ದವಡೆ ಹಲ್ಲುಗಳ ಬೇರಿಗೂ ನಡುವೆ ಇರುವುದು ತೆಳ್ಳಗಿನ ಮೂಳೆ ಮಾತ್ರ. ಹಲ್ಲು ಹುಳುಕಾಗಿ ಬೇರಿನ ತುದಿಯಲ್ಲಿ ಕೀವಾದರೆ ಅದು ಸೈನಸ್ಸಿಗೆ ಹರಡಬಹುದು. ಆಗ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತದೆ. ಎಷ್ಟು ಹಬೆ ತೆಗೆದುಕೊಂಡರೂ ಹೋಗುವುದಿಲ್ಲ, ಏಕೆಂದರೆ ಮೂಲ ಹಲ್ಲಿನಲ್ಲಿದೆ.

ಮಣಿಪಾಲದಲ್ಲಿ 1965ರಲ್ಲೇ ದಂತ ಕಾಲೇಜು ಆರಂಭವಾಯಿತು. ಕಾಪುವಿನಿಂದಲೂ ಕಾರ್ಕಳದಿಂದಲೂ ಬಸ್ಸು ಹಿಡಿದು ಹೋಗಿಬರುವಷ್ಟು ಹತ್ತಿರ. ಆದರೂ ಹಲ್ಲುನೋವಿಗೆ ಲವಂಗ ಒತ್ತಿಕೊಂಡು, ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನ ದೂಡುವವರೇ ಹೆಚ್ಚು. ಒಂದು ದಿನ ನೋವು ತಾನಾಗಿಯೇ ನಿಲ್ಲುತ್ತದೆ. "ಗುಣವಾಯಿತು ಸಿಸ್ಟರ್" ಎನ್ನುತ್ತಾರೆ. ಹಲ್ಲಿನೊಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತದೆ ತಾಯಿ! ಕೀವು ಮಾತ್ರ ಒಳಗೊಳಗೇ ಬೆಳೆಯುತ್ತಿರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇನ್ನೂ ಬೇಗ ಹರಡುತ್ತದೆ.

ಮಳೆಗಾಲದ ನೆಗಡಿಗೆಲ್ಲ ಹೆದರಬೇಡಿ. ಹೆಚ್ಚಿನವು ವೈರಸ್ಸಿನಿಂದ ಬರುವಂಥವು. ವಾರ, ಹತ್ತು ದಿನದಲ್ಲಿ ಇಳಿಯುತ್ತವೆ. ಅದಕ್ಕೆ ಆ್ಯಂಟಿಬಯೋಟಿಕ್ ಬೇಡ, ಕಳೆದ ಸಲ ಉಳಿದ ಮಾತ್ರೆಯಂತೂ ಬೇಡವೇ ಬೇಡ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಕಡಿಮೆಯಾಗಿ ಮತ್ತೆ ಜೋರಾದರೆ ವೈದ್ಯರಿಗೆ ತೋರಿಸಿ. ಯಾವ ಹಲ್ಲು ಹುಳುಕಾಗಿದೆ ಎಂಬುದನ್ನೂ ಹೇಳಿ. ಮೂಗಿನ ಡಾಕ್ಟರರ ಬಳಿ ಹಲ್ಲಿನ ಮಾತೇಕೆ ಎಂದು ಸುಮ್ಮನಿರಬೇಡಿ.

ಇನ್ನು ಮನೆಯವರು ಗಮನವಿಟ್ಟು ಕೇಳಿ. ಸೈನಸ್ಸಿನ ಕೀವು ಕಣ್ಣಿನ ಗೂಡಿಗೂ ಮಿದುಳಿಗೂ ಹೋಗುವುದುಂಟು. ಅಪರೂಪ, ಆದರೆ ಹೋದರೆ ಪ್ರಾಣಕ್ಕೇ ಅಪಾಯ. ಹದಿಹರೆಯದ ಗಂಡುಮಕ್ಕಳಲ್ಲಿ ಇದು ತುಸು ಹೆಚ್ಚು. ಶೀತವಾಗಿದ್ದ ಹುಡುಗನಿಗೆ ಕಣ್ಣಿನ ಸುತ್ತ ಅಥವಾ ಹಣೆಯ ಮೇಲೆ ಊತ ಬಂದರೆ, ಒಂದು ವಸ್ತು ಎರಡಾಗಿ ಕಂಡರೆ, ತಡೆಯಲಾರದ ತಲೆನೋವಿನೊಂದಿಗೆ ವಾಂತಿಯಾದರೆ, ಫಿಟ್ಸ್ ಬಂದರೆ, ಒಂದು ಕೈಯೋ ಕಾಲೋ ಸೋತರೆ, ಮಂಕಾಗಿ ಮಲಗಿಬಿಟ್ಟರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರ ಇಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಮಿದುಳಿನಲ್ಲಿ ಕೀವಾದವರಿಗೆಲ್ಲ ಜ್ವರ ಇರುವುದಿಲ್ಲ.

ಈ ಸೂಕ್ಷ್ಮಾಣು ಸಾಮಾನ್ಯವಾಗಿ ಪೆನಿಸಿಲಿನ್ ಜಾತಿಯ ಔಷಧಕ್ಕೆ ಬಗ್ಗುತ್ತದೆ. ಆದರೆ ಕಟ್ಟಿದ ಕೀವಿನೊಳಗೆ ಔಷಧ ಸರಿಯಾಗಿ ಇಳಿಯದು, ಹಾಗಾಗಿ ಅದನ್ನು ಹೊರತೆಗೆಯಬೇಕಾಗುತ್ತದೆ. ಮಿದುಳಿನ ಕೀವಿಗಾದರೆ ಆರರಿಂದ ಎಂಟು ವಾರ ಔಷಧ ನಡೆಯುವುದುಂಟು. ಹುಳುಕು ಹಲ್ಲನ್ನು ಮೊದಲೇ ತೋರಿಸಿದ್ದರೆ ಅದರ ಕೆಲಸ ಒಂದೆರಡು ಭೇಟಿಯಲ್ಲಿ ಮುಗಿಯುತ್ತಿತ್ತು.

ರಾತ್ರಿ ಮಲಗುವ ಮುಂಚೆಯೂ ಹಲ್ಲುಜ್ಜಿ. ಎಲೆಅಡಿಕೆ ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಹಿರಿಯರಿಗೆ ಇದನ್ನು ಹೇಳುವುದು ಕಷ್ಟವೇ, ಆದರೂ ಹೇಳಿ. ವಾರ್ಡಿನಲ್ಲಿ ಮಲಗಿರುವ ನಿಮ್ಮ ರೋಗಿಗೆ ಎದ್ದು ಹೋಗಲು ಆಗದಿದ್ದರೆ ಮಂಚದ ಮೇಲೆಯೇ ಬಾಯಿ ಸ್ವಚ್ಛ ಮಾಡುವ ಕ್ರಮವನ್ನು ನಮ್ಮ ಸಿಸ್ಟರ್‌ಗಳು ತೋರಿಸಿಕೊಡುತ್ತಾರೆ, ಸಂಕೋಚವಿಲ್ಲದೆ ಕೇಳಿ.