ಕಾಲೇಜಿನ ಮೊದಲ ವರ್ಷ: ವಿದ್ಯಾರ್ಥಿವೇತನ ಸಕಾಲಕ್ಕೆ ಕೈಸೇರಲಿ

(ದ್ವಿತೀಯ ಪಿಯುಸಿ ಮುಗಿಸಿದ ವಿದ್ಯಾರ್ಥಿಗಳು ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಪಿಯುಸಿ ಪಾಸಾದ ಮಕ್ಕಳಿಗೆ ಮೊದಲು ನಮ್ಮ ಅಭಿನಂದನೆಗಳು. ನಿಮ್ಮಲ್ಲಿ ಹಲವರು ನಿಮ್ಮ ಮನೆತನದಲ್ಲೇ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ಮೊದಲಿಗರು. ಇದು ಸಣ್ಣ ಮಾತಲ್ಲ. ಆದರೆ ಸೇರಿದ ಮಕ್ಕಳೆಲ್ಲ ಕೋರ್ಸ್ ಮುಗಿಸುವುದಿಲ್ಲ ಎಂಬುದನ್ನು ಹಳ್ಳಿಗಳಲ್ಲಿ ಕೆಲಸ ಮಾಡುತ್ತಾ ನಾವು ಕಂಡಿದ್ದೇವೆ. ಬಿಡುವವರಲ್ಲಿ ಅನೇಕರು ಮೊದಲ ವರ್ಷದಲ್ಲೇ, ಅದೂ ಮೊದಲ ಸೆಮಿಸ್ಟರ್ ಪರೀಕ್ಷೆಗೆ ಮುಂಚೆಯೇ ಬಿಡುತ್ತಾರೆ.

ಯಾಕೆ ಹೀಗಾಗುತ್ತದೆ? ಸೀಟು ಸಿಕ್ಕ ಸಂತೋಷದಲ್ಲಿ ಸಾಲಸೋಲ ಮಾಡಿ ಫೀಸು ಕಟ್ಟಿಬಿಡುತ್ತಾರೆ. ಆಮೇಲಿನ ಖರ್ಚನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ. ರೂಮಿನ ಬಾಡಿಗೆ, ಊಟ, ಪುಸ್ತಕ, ಪರೀಕ್ಷಾ ಶುಲ್ಕ ಒಂದರ ಹಿಂದೆ ಒಂದು ಬರುತ್ತವೆ. "ಸ್ಕಾಲರ್‌ಶಿಪ್ ಬರುತ್ತಲ್ಲ ಸಿಸ್ಟರ್" ಅಂತ ತಾಯಂದಿರು ಹೇಳುತ್ತಾರೆ. ಬರುತ್ತದೆ, ಆದರೆ ಎಷ್ಟೋ ಸಲ ಬೇಕಾದಾಗ ಬರುವುದಿಲ್ಲ. ಬಿ.ಕಾಂ. ಸೇರಿದ್ದ ಒಬ್ಬ ಹುಡುಗಿ ಮೂರು ತಿಂಗಳಿಗೇ ಊರಿಗೆ ಮರಳಿ ಕೂಲಿಗೆ ಹೋಗುತ್ತಿದ್ದಳು. ವಿಚಾರಿಸಿದಾಗ ಅವಳ ಹೆಸರಿಗೆ ಹಣ ಮಂಜೂರಾಗಿತ್ತು, ಬ್ಯಾಂಕ್ ಖಾತೆಗೆ ಮಾತ್ರ ಜಮಾ ಆಗಿರಲಿಲ್ಲ. ಆಧಾರ್ ಜೋಡಣೆ ಸರಿಯಿರಲಿಲ್ಲ, ಅಷ್ಟೇ. ಅಷ್ಟಕ್ಕೇ ಒಂದು ಓದು ನಿಂತುಹೋಯಿತು.

ಆದ್ದರಿಂದ ನಾವು ಇಂದು ಹೇಳಬಯಸುವುದು ಇಷ್ಟೇ: ಸಹಾಯಧನ ಇದೆ ಎಂದು ತಿಳಿದರೆ ಸಾಲದು. ಅದು ಮೊದಲ ವರ್ಷದಲ್ಲಿ ಕೈಗೆ ಸಿಗಬೇಕು, ಎರಡನೇ ವರ್ಷಕ್ಕೂ ಉಳಿಯಬೇಕು.

ಯಾವ ಯಾವ ಸಹಾಯ ಇದೆ ನೋಡೋಣ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಇದರ ವೆಚ್ಚದಲ್ಲಿ ಕೇಂದ್ರ ಶೇಕಡಾ 60, ರಾಜ್ಯ ಶೇಕಡಾ 40 ಭರಿಸುವ ಪದ್ಧತಿ 2020-21ರಿಂದ ಬಂದಿದೆ. ದ್ವಿತೀಯ ಪಿಯುಸಿಯನ್ನು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಜಾತಿಯ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆಯ 20,000 ರೂಪಾಯಿ ಪ್ರೋತ್ಸಾಹಧನವೂ ಉಂಟು. ಇದನ್ನು ಬಹುಮಾನ ಅಂತ ಹಬ್ಬಕ್ಕೆ, ಮೊಬೈಲಿಗೆ ಖರ್ಚು ಮಾಡಬೇಡಿ. ಡಿಗ್ರಿಯ ಮೊದಲ ವರ್ಷ ದಾಟಿಸುವ ಬುತ್ತಿ ಅದು.

ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಿದೆ. 2013-14ರಲ್ಲಿ ಆರಂಭವಾದಾಗ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಹಣ ನಿಗದಿ ಮಾಡಿದ್ದರು. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲಾ ಕಾಲೇಜಿನಲ್ಲೇ ಓದಿ ಡಿಗ್ರಿಗೋ ಡಿಪ್ಲೊಮಾಗೋ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಇದು 2025ರಲ್ಲಿ 'ದೀಪಿಕಾ' ಎಂಬ ಹೆಸರಿನಲ್ಲಿ ಬಂತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿದಿದೆ. ಅದೂ ಓದಿಗೆ ಸಿಕ್ಕ ಸಹಾಯವೇ.

ಒಳ್ಳೆಯ ಅಂಕ ಪಡೆದವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವಿದೆ. ತಮ್ಮ ಬೋರ್ಡಿನ, ತಮ್ಮ ವಿಭಾಗದ ಮೇಲಿನ ಶೇಕಡಾ 20ರೊಳಗೆ ಇರುವ, ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರದ ಮಕ್ಕಳು ಅರ್ಜಿ ಹಾಕಬಹುದು. ಆಯ್ಕೆಯಾದರೆ ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಇದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಆದ್ದರಿಂದ ಯಾವುದು ಲಾಭವೆಂದು ಕೂತು ಲೆಕ್ಕ ಹಾಕಿ.

ಈ ಕೊನೆಯ ಯೋಜನೆಯ ಇನ್ನೊಂದು ನಿಯಮವನ್ನು ಮಕ್ಕಳು ಗಮನವಿಟ್ಟು ಕೇಳಬೇಕು. ಮುಂದಿನ ವರ್ಷ ನವೀಕರಣವಾಗಬೇಕಾದರೆ ಪರೀಕ್ಷೆಯಲ್ಲಿ ಶೇಕಡಾ 50 ಅಂಕ, ತರಗತಿಯಲ್ಲಿ ಶೇಕಡಾ 75 ಹಾಜರಾತಿ ಬೇಕು. ಅಂದರೆ ಮೊದಲ ವರ್ಷ ಮುಗ್ಗರಿಸಿದರೆ ಓದೂ ಹಿಂದೆ ಬೀಳುತ್ತದೆ, ಹಣವೂ ನಿಲ್ಲುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇಂಗ್ಲಿಷ್ ಪಾಠ ಮೊದಮೊದಲು ತಲೆಗೆ ಹತ್ತುವುದಿಲ್ಲ. ನಾಚಿಕೆಪಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತದೆ, ಆಮೇಲೆ ಕ್ಲಾಸಿಗೇ ಹೋಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಉಪನ್ಯಾಸಕರನ್ನು ಕೇಳಿ, ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಅರ್ಥವಾಗಲಿಲ್ಲ ಎಂದು ಹೇಳುವುದು ಅವಮಾನವಲ್ಲ.

ಇನ್ನು ಪೋಷಕರು ಈಗಲೇ ಮಾಡಬೇಕಾದ ಕೆಲಸ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ತೆಗೆದಿಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟು ಬಂದರೆ ಮುಗಿಯಿತು ಅಂದುಕೊಳ್ಳಬೇಡಿ. ಮಗುವಿನ ಖಾತೆಗೆ ಎನ್.ಪಿ.ಸಿ.ಐ. ಮ್ಯಾಪಿಂಗ್ ಆಗಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಎರಡು ಮೂರು ಖಾತೆಗಳಿದ್ದರೂ ಆಧಾರ್ ಮೂಲಕ ಬರುವ ಹಣ ಮ್ಯಾಪಿಂಗ್ ಆದ ಒಂದೇ ಖಾತೆಗೆ ಹೋಗುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕೊನೆಯ ದಿನದವರೆಗೆ ಕಾಯದೆ ಅರ್ಜಿ ಹಾಕಿ, ಸ್ವೀಕೃತಿ ಪ್ರತಿ ತೆಗೆದಿಟ್ಟುಕೊಳ್ಳಿ. ಅರ್ಜಿ ಯಾವ ಹಂತದಲ್ಲಿದೆ ಎಂದು ತಿಂಗಳಿಗೊಮ್ಮೆ ನೋಡಿ.

ಇಷ್ಟೆಲ್ಲ ಮಾಡಿದರೂ ಹಣ ತಡವಾಗಬಹುದು. ಆ ನಾಲ್ಕಾರು ತಿಂಗಳ ಸಂದನ್ನು ತುಂಬುವವರು ಯಾರು? ಇಲ್ಲಿ ಕೂತಿರುವ ಸಂಘದ ತಾಯಂದಿರೇ, ನಿಮ್ಮನ್ನೇ ಕೇಳುತ್ತಿದ್ದೇವೆ. ಹಸು ಕೊಳ್ಳಲು, ಮದುವೆಗೆ ಸಾಲ ಕೊಡುತ್ತೀರಿ. ಕಾಲೇಜಿನ ಮೊದಲ ಸೆಮಿಸ್ಟರ್‌ಗೆಂದು ಒಂದು ಸಣ್ಣ ಮೊತ್ತ ಪ್ರತ್ಯೇಕ ಇಡಿ. ಬಡ್ಡಿ ಕಡಿಮೆ ಇರಲಿ, ವಿದ್ಯಾರ್ಥಿವೇತನ ಬಂದಾಗ ತೀರಿಸಲಿ. ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಕೇಳುವ ಹಾಗೆ "ನಿನ್ನ ಮಗಳು ಕಾಲೇಜಿಗೆ ಹೋಗ್ತಾ ಇದ್ದಾಳಾ?" ಅಂತಲೂ ಕೇಳಿ. ಯಾವ ಅರ್ಜಿ ನಮೂನೆಯಲ್ಲೂ ಇಲ್ಲದ ಪ್ರಶ್ನೆ ಅದು.

ಮಕ್ಕಳೇ, ಕಷ್ಟ ಬಂದಾಗ ಬ್ಯಾಗು ಕಟ್ಟುವ ಮೊದಲು ನಮ್ಮ ಕಾರ್ಯಕರ್ತೆಯರಿಗೆ ಒಂದು ಮಾತು ತಿಳಿಸಿ. ಬಿಟ್ಟ ಮೇಲೆ ಮತ್ತೆ ಸೇರಿಸುವುದು ಕಷ್ಟ. ಬಿಡುವ ಮುಂಚೆ ತಿಳಿದರೆ ಎಲ್ಲರೂ ಸೇರಿ ಏನಾದರೂ ದಾರಿ ಹುಡುಕಬಹುದು.

ನಿಮ್ಮೆಲ್ಲರ ಮೊದಲ ವರ್ಷ ಸುಗಮವಾಗಲಿ.