ಹಡಿಲು ಗದ್ದೆ, ಹಕ್ಕಲು, ಹಾಡಿ: ಯಾವ ನೆಲಕ್ಕೆ ಯಾವ ಯಂತ್ರ?

(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಮೂರು ತಾಲೂಕುಗಳಲ್ಲಿ ಹಡಿಲು ಬಿದ್ದ ನೆಲವಿಲ್ಲದ ಊರು ಇಂದು ವಿರಳ. ಮನೆಯ ಮಕ್ಕಳು ಮುಂಬಯಿ, ಬೆಂಗಳೂರುಗಳಿಗೆ ತೆರಳಿದರು, ಆಸ್ತಿ ಪಾಲಾಯಿತು, ನಾಟಿಗೆ ಕೈಗಳು ಸಾಲದಾದವು. ಎರಡು ಮಳೆಗಾಲ ಕಳೆಯುವುದರೊಳಗೆ ಗದ್ದೆಯನ್ನು ಹುಲ್ಲು ಕವಿಯುತ್ತದೆ. ಕೆಲವೇ ವರ್ಷಗಳಲ್ಲಿ ಅದೇ ಗದ್ದೆ ಪೊದೆಯಾಗುತ್ತದೆ. ಮರಳಿ ಬೇಸಾಯ ಮಾಡಬೇಕೆಂಬ ಆಸೆ ಹುಟ್ಟಿದಾಗ ಮೊದಲು ಕೇಳಿಬರುವ ಸಲಹೆ ಒಂದೇ: "ಜೆಸಿಬಿ ತರಿಸಿ, ಒಂದೇ ದಿನದಲ್ಲಿ ಎಲ್ಲ ಸಾಫ್." ಆ ಒಂದು ದಿನದ ಕೆಲಸಕ್ಕೆ ನೆಲ ತೆರುವ ಬೆಲೆಯೇನು, ಅದಕ್ಕಿಂತ ಉತ್ತಮವಾದ ದಾರಿಗಳಾವುವು ಎಂಬುದನ್ನು ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ನಮ್ಮ ಗುಡ್ಡೆಗಳ ಒಡಲು ಮುರಕಲ್ಲು. ಅದರ ಮೇಲಿರುವ ಫಲವತ್ತಾದ ಮಣ್ಣು ಬಹಳ ಕಡೆ ತೆಳುವಾದ ಹೊದಿಕೆ ಮಾತ್ರ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಅಂತಹ ಮಳೆಯ ಹೊಡೆತದಲ್ಲಿ ಈ ಹೊದಿಕೆಯನ್ನು ಹಿಡಿದಿಡುವುದು ಗಿಡಗಂಟಿಗಳ ಬೇರು. ಜೆಸಿಬಿಯ ಬಕೆಟ್ಟು ಪೊದೆಯೊಂದಿಗೆ ಬೇರನ್ನೂ, ಬೇರಿನೊಂದಿಗೆ ಮೇಲ್ಮಣ್ಣನ್ನೂ ಕೆರೆದು ಒಂದು ಮೂಲೆಗೆ ರಾಶಿ ಹಾಕುತ್ತದೆ. ಮೊದಲ ಮಳೆಗೆ ಕೆಂಪು ನೀರು ತೋಡಿಗೆ ಇಳಿಯುತ್ತದೆ. ಹೂಳು ಮದಗವನ್ನು ತುಂಬಿ, ವಾರಾಹಿ, ಸೌಪರ್ಣಿಕಾ, ಸೀತಾ ನದಿಗಳ ದಾರಿ ಹಿಡಿಯುತ್ತದೆ. ಉಳಿದ ಬೋಳು ನೆಲದಲ್ಲಿ ಮೊದಲು ಮೇಲೇಳುವುದು ಯಾವುದು? ಬಿಸಿಲು ಬೀಳುವ ಕದಡಿದ ನೆಲವನ್ನೇ ಬಯಸುವ ಕಮ್ಯುನಿಸ್ಟ್ ಗಿಡ. ಹೀಗೆ ಪೊದೆ ತೆಗೆಯಲು ಖರ್ಚು ಮಾಡಿದ ಹಣ ಮತ್ತೊಂದು ಪೊದೆಯನ್ನು ಬೆಳೆಸುತ್ತದೆ.

ಆದ್ದರಿಂದ ಯಾವ ಯಂತ್ರ ಎಂಬುದಕ್ಕಿಂತ ಮೊದಲು ಯಾವ ನೆಲ ಎಂಬ ಪ್ರಶ್ನೆ ಬರಬೇಕು. ಬೈಲು, ಮಜಲು, ಬೆಟ್ಟು ಎಂದು ನಾವು ಕರೆಯುವ ಗದ್ದೆಗಳು ಒಂದು ವರ್ಗ. ಹಿಂದೆ ಹುರುಳಿ, ಗೆಣಸು ಬೆಳೆಯುತ್ತಿದ್ದ ಒಣಭೂಮಿಯಾದ ಹಕ್ಕಲು ಇನ್ನೊಂದು. ಸೊಪ್ಪು ದರಗು ಕೊಡುವ ಹಾಡಿ ಮೂರನೆಯದು. ಮೂರಕ್ಕೂ ಒಂದೇ ಮದ್ದು ಸಲ್ಲದು.

ಯಾವ ಯಂತ್ರವನ್ನು ಕರೆಯುವ ಮುನ್ನವೂ ಕೈಯಲ್ಲಿ ಕೋಲು ಹಿಡಿದು ಆ ಜಾಗವನ್ನು ಒಮ್ಮೆ ನಡೆದು ನೋಡಬೇಕು. ಪೊದೆಯ ಅಡಿಯಲ್ಲಿ ಕಟ್ಟೆಯಿಲ್ಲದ ಹಳೆಯ ಬಾವಿ ಇರಬಹುದು, ಕಲ್ಲು ತೆಗೆದು ಬಿಟ್ಟ ಕೋರೆಯ ಹೊಂಡ ಇರಬಹುದು, ಗಡಿಕಲ್ಲು ಇರಬಹುದು. ಅಲ್ಲೆಲ್ಲ ಗೂಟ ನೆಟ್ಟು ಬಣ್ಣದ ಬಟ್ಟೆ ಕಟ್ಟಿ ಗುರುತು ಮಾಡಬೇಕು. ನಾಗಬನವಿದ್ದರೆ ಅದರ ಸುತ್ತಲೂ ಜಾಗ ಬಿಟ್ಟೇ ಕೆಲಸ ಆರಂಭಿಸಬೇಕು.

ಮೊದಲು ಗದ್ದೆಯ ವಿಚಾರ. ಹಡಿಲು ಗದ್ದೆಯಲ್ಲಿ ಮೊದಲ ಕೆಲಸ ಗದ್ದೆಯದ್ದಲ್ಲ, ತೋಡಿನದು. ತೋಡು ಮುಚ್ಚಿದ್ದರೆ ನೀರು ನಿಂತು ಟ್ರ್ಯಾಕ್ಟರು ಹೂಳುತ್ತದೆ, ಪಕ್ಕದವರ ಬೆಳೆಯೂ ಕೊಳೆಯುತ್ತದೆ. ಹೂಳೆತ್ತುವ ಈ ಕೆಲಸಕ್ಕೆ ಜೆಸಿಬಿ ಯೋಗ್ಯವೇ. ಅದನ್ನು ಬಳಸಬೇಕಾದ ಸ್ಥಳ ಅದು. ನೆಲ ಒಣಗಿದ ಬಳಿಕ ಟ್ರ್ಯಾಕ್ಟರಿಗೆ ಸ್ಲ್ಯಾಶರ್ ಜೋಡಿಸಿ ಹುಲ್ಲು, ಎಳೆಯ ಗಿಡಗಳನ್ನು ಬುಡದ ಮೇಲೆ ಕತ್ತರಿಸಬೇಕು. ಟ್ರ್ಯಾಕ್ಟರಿನ ಹಿಂಬದಿಯ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗಿ ಈ ಉಪಕರಣಕ್ಕೆ ಶಕ್ತಿ ಕೊಡುತ್ತದೆ. ನೆಲಕ್ಕೆ ಸಮಾನಾಂತರವಾಗಿ ಸುತ್ತುವ ಅಲಗುಗಳು ಗಿಡವನ್ನು ಕಡಿದು ಅಲ್ಲಿಯೇ ಹರಡುತ್ತವೆ. ಅದನ್ನು ಸುಡದೆ ಕೊಳೆಯಲು ಬಿಟ್ಟರೆ ಗೊಬ್ಬರವೇ.

ಅನಂತರ ನೇಗಿಲು. ಬೇರು, ಕಲ್ಲು ಇರುವಲ್ಲಿ ತಟ್ಟೆ ನೇಗಿಲು ಒಳ್ಳೆಯದು. ಅದು ಅಡ್ಡಬಂದದ್ದರ ಮೇಲೆ ಉರುಳಿ ಸಾಗುತ್ತದೆ. ಸ್ವಚ್ಛವಾದ ಗದ್ದೆಯಲ್ಲಿ ರೆಕ್ಕೆ ನೇಗಿಲು ಮಣ್ಣನ್ನು ಚೆನ್ನಾಗಿ ಮಗುಚುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಗರಿಕೆ ಮತ್ತು ಕೊನ್ನಾರಿ ಗೆಡ್ಡೆ ತುಂಬಿದ ಗದ್ದೆಗೆ ನೇರವಾಗಿ ರೋಟವೇಟರ್ ಇಳಿಸಬಾರದು. ಅದು ಗರಿಕೆಯನ್ನು ತುಂಡುತುಂಡು ಮಾಡುತ್ತದೆ, ಗೆಡ್ಡೆಗಳ ಸರವನ್ನು ಬಿಡಿಸಿ ಹರಡುತ್ತದೆ. ಪ್ರತಿ ತುಂಡೂ ಹೊಸ ಗಿಡವಾಗುತ್ತದೆ. ಬೇಸಗೆಯಲ್ಲಿ ಉತ್ತು, ಗೆಡ್ಡೆಯನ್ನು ಬಿಸಿಲಿಗೆ ಒಣಗಿಸಿ, ಕಲ್ಟಿವೇಟರ್‌ನಿಂದ ಎಳೆದು ಆರಿಸಿದ ಬಳಿಕವೇ ರೋಟವೇಟರ್‌ಗೆ ಕೆಲಸ. ಮಳೆ ಹಿಡಿದ ಮೇಲೆ ಕೇಜ್ ವೀಲ್ ಹಾಕಿ ಕೆಸರು ಮಾಡಬಹುದು. ಆಳ ಕೆಸರಿನ ಬೈಲು ಗದ್ದೆಗೆ ಭಾರದ ಟ್ರ್ಯಾಕ್ಟರಿಗಿಂತ ಟಿಲ್ಲರ್ ಲೇಸು.

ಇನ್ನು ಹಕ್ಕಲು. ಇಲ್ಲಿ ನಮ್ಮ ಎದುರಾಳಿಗಳು ಹೆಚ್ಚಾಗಿ ಕಮ್ಯುನಿಸ್ಟ್ ಗಿಡ ಮತ್ತು ಲಂಟಾನ. ಎರಡೂ ಅಮೆರಿಕ ಖಂಡದ ಉಷ್ಣವಲಯದಿಂದ ಬಂದವು. ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವೆಂದು ನಮ್ಮ ದೇಶಕ್ಕೆ ತರಲಾಯಿತು. ಸಮತಟ್ಟಾದ ಹಕ್ಕಲಿನಲ್ಲಿ ಹೆಬ್ಬೆರಳು ಗಾತ್ರದೊಳಗಿನ ಕಾಂಡಗಳಿಗೆ ಸ್ಲ್ಯಾಶರ್ ಸಾಕು. ಅದಕ್ಕಿಂತ ದಪ್ಪನಾದದ್ದನ್ನು ಕತ್ತಿಯಿಂದ ಅಥವಾ ಹಲ್ಲಿನ ಚಕ್ರ ಹಾಕಿದ ಬ್ರಷ್ ಕಟರ್‌ನಿಂದ ಮೊದಲೇ ತೆಗೆಯಬೇಕು. ಇಲ್ಲಿಯೂ ರೋಟವೇಟರ್ ಬೇಡ: ಉದ್ದ ಕಾಂಡಗಳು ಅದರ ದಂಡಕ್ಕೆ ಸುತ್ತಿಕೊಳ್ಳುತ್ತವೆ, ಮುರಕಲ್ಲಿಗೆ ತಾಗಿ ಅಲಗು ಮುರಿಯುತ್ತದೆ.

ಕಾಲವೂ ಯಂತ್ರದಷ್ಟೇ ಮುಖ್ಯ. ಕಮ್ಯುನಿಸ್ಟ್ ಗಿಡದ ಬೀಜ ಗಾಳಿಯಲ್ಲಿ ಹಾರಿ ಹರಡುತ್ತದೆ. ಮಳೆ ಬಿಟ್ಟ ಮೇಲೆ, ಅದು ಹೂಬಿಡುವ ಮೊದಲೇ ಕಡಿದರೆ ಬೀಜವೂ ಇಲ್ಲ, ಸೊಪ್ಪು ಹಟ್ಟಿಗೂ ತೋಟಕ್ಕೂ ಆಗುತ್ತದೆ. ಲಂಟಾನವನ್ನು ಬರಿದೆ ಕಡಿದರೆ ಬುಡದಿಂದ ದುಪ್ಪಟ್ಟು ಚಿಗುರುತ್ತದೆ. ಅದಕ್ಕೆ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿ ಪ್ರೊ. ಸಿ. ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ಸರಳ ವಿಧಾನವೊಂದಿದೆ: ತಾಯಿಬೇರನ್ನು ನೆಲಮಟ್ಟದಿಂದ 3–5 ಸೆಂ.ಮೀ. ಕೆಳಗೆ ಹಾರೆ, ಪಿಕ್ಕಾಸುಗಳಿಂದ ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿಸಿ ಒಣಗಲು ಬಿಡುವುದು. ಮಣ್ಣು ಹೆಚ್ಚು ಕದಡುವುದಿಲ್ಲ, ಗಿಡ ಮರಳಿ ಬೇರೂರುವುದಿಲ್ಲ.

ಇಳಿಜಾರಿನ ಹಕ್ಕಲಿನ ಮಾತು ಬೇರೆ. ಮಣ್ಣಿನ ರಕ್ಷಣೆಗೆ ಇಳಿಜಾರಿಗೆ ಅಡ್ಡಲಾಗಿ ಉಳಬೇಕು; ಆದರೆ ಕಡಿದಾದ ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವ ಟ್ರ್ಯಾಕ್ಟರು ಮಗುಚಬಹುದು. ಈ ಎರಡು ನಿಯಮಗಳು ಒಂದಕ್ಕೊಂದು ಹೊಂದದ ಜಾಗ ಟ್ರ್ಯಾಕ್ಟರಿನ ಜಾಗವೇ ಅಲ್ಲ. ಅಲ್ಲಿ ಕತ್ತಿ, ಬ್ರಷ್ ಕಟರ್ ಮಾತ್ರ. ಅದೂ ಒಮ್ಮೆಲೇ ಪೂರ್ತಿಯಾಗಿ ಅಲ್ಲ, ಪಟ್ಟಿಪಟ್ಟಿಯಾಗಿ, ನಡುವೆ ಗಿಡಗಳ ಸಾಲು ಉಳಿಸಿಕೊಂಡು.

ಮೂರನೆಯದು ಹಾಡಿ. ಕೇಪಳ, ಕುಂಟಾಲ, ಚೂರಿಮುಳ್ಳು, ನೆಕ್ಕರೆ ಬೆಳೆದ ನೆಲವನ್ನು ಪೊದೆಯೆಂದು ಕರೆದು ಬಿಡುವುದು ಸುಲಭ. ಆದರೆ ಗದ್ದೆಗೆ ಸೊಪ್ಪು, ಹಟ್ಟಿಗೆ ದರಗು, ಹಕ್ಕಿಗೆ ಹಣ್ಣು, ಬಾವಿಗೆ ನೀರು ಕೊಡುವುದು ಅದೇ. ಮಳೆನೀರು ಅಲ್ಲಿ ನಿಧಾನವಾಗಿ ಇಂಗುವುದರಿಂದಲೇ ಕೆಳಗಿನ ಬೈಲಿನಲ್ಲಿ ಸುಗ್ಗಿ ಬೆಳೆಗೆ ತೇವ ಉಳಿಯುತ್ತದೆ. ಇಂಥ ನೆಲ ಅನೇಕ ಕಡೆ ಕುಮ್ಕಿಯೂ ಹೌದು. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 79ನೇ ಕಲಮು ಕುಮ್ಕಿಯ ಸವಲತ್ತುಗಳನ್ನು ಮುಂದುವರಿಸಿದೆ. ಆದರೆ ಆ ನೆಲದ ಒಡೆತನ ಸರಕಾರದ್ದು. ಸೊಪ್ಪು ತರುವ ಹಕ್ಕು ನೆಲ ಸಮತಟ್ಟು ಮಾಡುವ ಹಕ್ಕಲ್ಲ. ಸ್ವಂತ ಜಾಗದ ಮರಗಳಿಗೂ 1976ರ ಮರಗಳ ಸಂರಕ್ಷಣಾ ಅಧಿನಿಯಮ ಅನ್ವಯಿಸುತ್ತದೆ. ಪಹಣಿ, ನಕ್ಷೆ ನೋಡದೆ ಯಂತ್ರ ಇಳಿಸಬಾರದು. ಹಾಡಿಯಲ್ಲಿ ನಾವು ಮಾಡಬಹುದಾದದ್ದು ಲಂಟಾನದಂತಹ ಹೊರಗಿನ ಗಿಡಗಳನ್ನು ಆರಿಸಿ ಕೀಳುವುದಷ್ಟೇ.

ಕೆಲಸ ಮಾಡುವವರ ಜೀವದ ಮಾತನ್ನೂ ಹೇಳಬೇಕು. ತಿರುಗುವ ಪಿಟಿಒ ದಂಡಕ್ಕೆ ಕವಚ ಇರಲೇಬೇಕು. ಪಂಚೆ, ಸೀರೆ, ಬೈರಾಸು ಅದರ ಹತ್ತಿರ ಸುಳಿಯಬಾರದು. ಸ್ಲ್ಯಾಶರ್ ಕಲ್ಲನ್ನು ಗುಂಡಿನಂತೆ ಎಸೆಯುತ್ತದೆ. ಬ್ರಷ್ ಕಟರ್ ನಡೆಸುವವರಿಂದ ಇತರರು 15 ಮೀಟರ್ ದೂರವಿರಬೇಕು. ನಡೆಸುವವರಿಗೆ ಕನ್ನಡಕ, ಬೂಟು ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಅಪಾಯ ಹೆಚ್ಚು. ಘಟ್ಟದ ಬುಡದ ಊರುಗಳಲ್ಲಿ ಸತ್ತ ಮಂಗ ಕಂಡರೆ ಪೊದೆಯ ಕೆಲಸ ನಿಲ್ಲಿಸಿ ಆರೋಗ್ಯ ಇಲಾಖೆಗೆ ತಿಳಿಸಬೇಕು.

ತೆರವಾದ ನೆಲವನ್ನು ಬರಿದಾಗಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಗದ್ದೆಗೆ ದಯಿಂಚ ಅಥವಾ ಸೆಣಬು, ಮುಂಗಾರಿನ ಭತ್ತದ ಬಳಿಕ ಉದ್ದು ಅಥವಾ ನೆಲಗಡಲೆ. ಹಕ್ಕಲಿಗೆ ಹುರುಳಿ, ಅಂಚಿನಲ್ಲಿ ಗೊಬ್ಬರದ ಗಿಡದ ಬೇಲಿ. ನೆರಳು ಬಿದ್ದಲ್ಲಿ ಕಮ್ಯುನಿಸ್ಟ್ ಗಿಡ ತಾನಾಗಿ ಸೊರಗುತ್ತದೆ. ಎರಡು ಮೂರು ವರ್ಷ ಚಿಗುರನ್ನು ಕಡಿಯುತ್ತಲೇ ಇರಬೇಕು.

ಖರ್ಚಿನ ವಿಷಯ. ಈ ಉಪಕರಣಗಳನ್ನೆಲ್ಲ ಒಬ್ಬರೇ ಕೊಳ್ಳಬೇಕಾಗಿಲ್ಲ. 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಉದ್ದೇಶವೇ ಬಾಡಿಗೆಗೆ ಯಂತ್ರ ಒದಗಿಸುವುದು. 2021ರಲ್ಲಿ ಉಡುಪಿ ಕ್ಷೇತ್ರದಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆಗಳನ್ನು ಒಟ್ಟಾಗಿ ಸಾಗುವಳಿಗೆ ತಂದು, ಆ ಅಕ್ಕಿ 'ಉಡುಪಿ ಕೇದಾರ ಕಜೆ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದುದು ನಿಮಗೆ ತಿಳಿದದ್ದೇ. ಒಂದು ಬೈಲಿನವರು ಕೂಡಿ ಒಂದೇ ವಾರ ಯಂತ್ರ ತರಿಸಿದರೆ ಬಾಡಿಗೆಯೂ ಕಡಿಮೆ, ತೋಡಿನ ಕೆಲಸವೂ ಪೂರ್ಣ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಈ ರಜೆಯಲ್ಲಿ ನಿಮ್ಮ ನಿಮ್ಮ ಊರಿನ ಹಡಿಲು ಗದ್ದೆ, ಹಕ್ಕಲು, ಹಾಡಿಗಳನ್ನು ಹಿರಿಯರ ಜೊತೆ ನಡೆದು ನೋಡಿ. ಬಾವಿ, ತೋಡು, ಬನಗಳನ್ನು ಗುರುತಿಸಿ ಒಂದು ನಕ್ಷೆ ಬರೆಯಿರಿ. ಯಂತ್ರ ಊರಿಗೆ ಬರುವ ಮುನ್ನ ಆ ನಕ್ಷೆ ಪಂಚಾಯತಿನ ಮೇಜಿನ ಮೇಲಿರಲಿ. ಕಳೆದುಹೋದ ಗದ್ದೆಯನ್ನು ಒಂದು ವರ್ಷದಲ್ಲಿ ಮರಳಿ ಪಡೆಯಬಹುದು; ಕೊಚ್ಚಿಹೋದ ಮಣ್ಣನ್ನು ನಮ್ಮ ಜೀವಮಾನದಲ್ಲಿ ಪಡೆಯಲಾಗದು.